ಮನೆಯ ಮಾಡು: ಅದರ ಪಾಲನೆಯೂ ಜೀರ್ಣೋದ್ಧಾರವೂ

ಅಮರಕೋಶವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರಿಗೆ ಪುರವರ್ಗದ ನೆನಪು ಇದ್ದೇ ಇರುವುದು. ಅಲ್ಲಿ ಮನೆಯ ಮಾಡಿಗೆ ಪಟಲವೆಂದೂ ಛದಿಯೆಂದೂ, ಅದರ ಅಂಚಿಗೆ, ಅಂದರೆ ನಾವು ಸೂರು ಎನ್ನುವ ಭಾಗಕ್ಕೆ, ವಲೀಕವೆಂದೂ ನೀಧ್ರವೆಂದೂ ಹೆಸರು ಹೇಳಿದೆ. ವೈದ್ಯಶಾಸ್ತ್ರದಲ್ಲಿ ಪಟಲವೆಂಬ ಇದೇ ಶಬ್ದವು ಕಣ್ಣಿನ ಪೊರೆಗೂ ಸಲ್ಲುವುದು. ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಶಬ್ದಗಳನ್ನು ಮಕ್ಕಳಿಗೆ ಹೇಳಿಕೊಟ್ಟ ನಾವು, ನಮ್ಮ ತಲೆಯ ಮೇಲಣ ಪಟಲವನ್ನು ಮಾತ್ರ ಒಂದು ದಿನವೂ ಕತ್ತೆತ್ತಿ ನೋಡಿದವರಲ್ಲ. ನಮ್ಮ ಕಣ್ಣಿಗೇ ಪಟಲವು ಕವಿದಿತ್ತೆಂದು ವಾಚಕರು ನಕ್ಕರೆ ನಮಗೆ ಉತ್ತರವಿಲ್ಲ. ಆ ಅಲಕ್ಷ್ಯದಿಂದ ನಾವು ಏನನ್ನು ಕಳೆದುಕೊಂಡೆವು, ಏನನ್ನು ಕಲಿತೆವು ಎಂಬುದನ್ನು ಇಲ್ಲಿ ಬರೆಯುತ್ತೇವೆ. ಕರಾವಳಿಯ ಗೃಹಸ್ಥರಲ್ಲಿ ಕೆಲವರಿಗಾದರೂ ಇದರಿಂದ ಉಪಯೋಗವಾದೀತೆಂದು ನಂಬಿದ್ದೇವೆ.

ನಮ್ಮ ಸೀಮೆಯ ಮಳೆಯ ಸ್ವಭಾವವನ್ನು ಮೊದಲು ನೆನೆಯತಕ್ಕದ್ದು. ಮಂಗಳೂರಿನ ಸುತ್ತುಮುತ್ತ ವರ್ಷಕ್ಕೆ ಸುಮಾರು 3500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವುದು. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ಇದು 7000 ಮಿಲಿಮೀಟರನ್ನು ದಾಟುವುದು. ಅದರಲ್ಲಿ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವುದು. 1000 ಚದರ ಅಡಿ ನೆಲವನ್ನು ಮುಚ್ಚುವ ಒಂದು ಸಾಧಾರಣ ಮಾಡಿನ ಮೇಲೆ ಒಂದೇ ಅಂಗುಲ ಮಳೆ ಬಿದ್ದರೂ 2300 ಲೀಟರಿಗಿಂತ ಹೆಚ್ಚು ನೀರು ಇಳಿಯುವುದು; ಇಡೀ ವರ್ಷದ್ದನ್ನು ಲೆಕ್ಕ ಹಾಕಿದರೆ ಮೂರು ಲಕ್ಷ ಲೀಟರನ್ನು ಮೀರುವುದು. ಇಷ್ಟು ನೀರು ನಮ್ಮ ಹಾಸಿಗೆ, ಅಕ್ಕಿಮುಡಿ, ಪುಸ್ತಕ, ದೇವರ ಪೀಠಗಳ ಮೇಲೆಯೇ ಹರಿದುಹೋಗುತ್ತಿದ್ದರೂ, ನಡುವೆ ಅರ್ಧ ಅಂಗುಲ ದಪ್ಪದ ಸುಟ್ಟ ಮಣ್ಣು ಇರುವುದರಿಂದ ನಾವು ನಿಶ್ಚಿಂತೆಯಾಗಿ ನಿದ್ರಿಸುತ್ತೇವೆ. ಬರಿಯ ನೀರಾಗಿದ್ದರೆ ತಡೆಯುವುದು ಸುಲಭವಾಗಿತ್ತು. ಪಡುವಣ ಗಾಳಿಯು ಮಳೆಯನ್ನು ಅಡ್ಡಲಾಗಿ ಹೊಡೆದು ಹಂಚಿನ ಸಂದುಗಳಲ್ಲಿ ಕೆಳಗಿನಿಂದ ಮೇಲಕ್ಕೆ ನುಗ್ಗಿಸುವುದುಂಟು. ಸಮುದ್ರದ ಉಪ್ಪು ಕಬ್ಬಿಣವನ್ನು ತಿನ್ನುವುದು, ನಾಲ್ಕು ತಿಂಗಳು ಬಿಡದ ತೇವವು ಮರವನ್ನು ತಿನ್ನುವುದು.

ಪೂರ್ವಕಾಲದಲ್ಲಿ ಈ ಸೀಮೆಯ ಬಹುಪಾಲು ಮನೆಗಳಿಗೆ ಮುಳಿಹುಲ್ಲಿನ ಮಾಡು, ಇಲ್ಲವೆ ತೆಂಗಿನ ಮಡಲಿನ ಅಥವಾ ಅಡಿಕೆ ಸೋಗೆಯ ಮಾಡು ಇದ್ದಿತು. ನಾವು ಹುಡುಗರಾಗಿದ್ದಾಗ, 1970ರ ಆಚೀಚೆ, ನಮ್ಮ ಊರಿನಲ್ಲಿಯೂ ಅಂತಹ ಮನೆಗಳು ಬೇಕಾದಷ್ಟಿದ್ದುವು. ಗುಡ್ಡದ ಹುಲ್ಲನ್ನು ಕೊಯ್ದು ಒಣಗಿಸಿ, ಬೇಸಗೆಯಲ್ಲಿ ನೆರೆಕರೆಯವರೆಲ್ಲ ಸೇರಿ ಹೊಸತಾಗಿ ಹೊದೆಸುತ್ತಿದ್ದರು. ಆ ಮನೆಯ ಒಳಗಿನ ತಂಪಿಗೆ ಸಮನಾದದ್ದು ಇನ್ನೊಂದಿಲ್ಲ. ಆದರೆ ಒಂದು ಕಿಡಿ ಬಿದ್ದರೆ ಮನೆಯು ಗಳಿಗೆಯೊಳಗೆ ಬೂದಿಯಾಗುವುದು. ಹುಲ್ಲನ್ನು ಬದಲಿಸದೆ ಬಿಟ್ಟರೆ ಮುಂದಿನ ಮಳೆಗೆ ಸೋರುವುದು ನಿಶ್ಚಯ. ಆದಕಾರಣ ಆ ಕಾಲದ ಗೃಹಸ್ಥನಿಗೆ ಮಾಡನ್ನು ಮರೆಯುವ ಅವಕಾಶವೇ ಇರಲಿಲ್ಲ. ಹಂಚು ಬಂದ ಮೇಲೆ ಆ ಅವಕಾಶವು ದೊರೆಯಿತು. ಅದು ಲಾಭವೋ ನಷ್ಟವೋ ಎಂದು ನಮಗೆ ಈಗ ಸಂದೇಹವುಂಟಾಗಿದೆ.

ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚನ್ನು ಫ್ರಾನ್ಸ್ ದೇಶದ ಆಲ್ಸೇಸ್ ಸೀಮೆಯಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಕಲ್ಪಿಸಿದರು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಿಯು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ನೇತ್ರಾವತಿ ಮತ್ತು ಗುರುಪುರ ನದಿಗಳ ಜೇಡಿಮಣ್ಣು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಸುಡಲು ಕಟ್ಟಿಗೆಯೂ ಸಾಗಿಸಲು ಜಲಮಾರ್ಗವೂ ಕೈಗೆಟಕುವಷ್ಟು ಹತ್ತಿರದಲ್ಲಿದ್ದುವು. ಮುಂದೆ ಊರವರೇ ಸ್ಥಾಪಿಸಿದ ಕಾರ್ಖಾನೆಗಳೂ ಹಲವು ಎದ್ದುವು. ಮಂಗಳೂರು ಹಂಚು ಎಂಬ ಹೆಸರು ಕಡಲಾಚೆಯ ದೇಶಗಳಿಗೂ ಹೋಯಿತು. ಆ ಕಾರ್ಖಾನೆಗಳಲ್ಲಿ ಬಹಳಷ್ಟು ಈಗ ಮುಚ್ಚಿವೆ. ಹಂಚುಗಳು ಮಾತ್ರ ನಮ್ಮ ತಲೆಯ ಮೇಲೆ ಇನ್ನೂ ಇವೆ. ಒಂದನ್ನು ಮಗುಚಿ ನೋಡಿದರೆ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದು ಕಾಣುವುದು. ಈ ಹೆಸರು ಬರಿಯ ಶೋಭೆಗಲ್ಲವೆಂಬುದನ್ನು ಮುಂದೆ ಹೇಳುತ್ತೇವೆ.

ಈಗ ನಮ್ಮ ಮನೆಯ ಕಥೆ. ನಮ್ಮ ತೀರ್ಥರೂಪರು 1958ರಲ್ಲಿ ಮುರಕಲ್ಲಿನ ಗೋಡೆ ಎಬ್ಬಿಸಿ, ಬೋಗಿ ಮರದ ಪಕ್ಕಾಸು ಹಾಕಿ, ಹಂಚು ಹೊದೆಸಿ ಕಟ್ಟಿಸಿದ ಮನೆಯಿದು. ಹಿಂಬದಿಯಲ್ಲಿ ಅಡುಗೆಮನೆಯ ಇಳಿಮಾಡು ದೊಡ್ಡ ಮಾಡಿಗೆ ಬಂದು ಸೇರುವ ಒಳಮೂಲೆಯೊಂದುಂಟು. ಅದರ ಕೆಳಗೆ ಉಗ್ರಾಣ. 2019ರ ಆಟಿ ತಿಂಗಳಲ್ಲಿ ಆ ಮೂಲೆಯಲ್ಲಿ ಹನಿ ಬೀಳತೊಡಗಿತು. ನಮ್ಮ ಮನೆಯವರು ಬಂದು ಹೇಳಿದಾಗ, ಒಂದು ಪಾತ್ರೆಯನ್ನು ಇಡೆಂದು ನಾವು ಹೇಳಿ ಓದನ್ನು ಮುಂದುವರಿಸಿದೆವು. ಮಳೆಗಾಲ ಕಳೆದೊಡನೆ ಹನಿಯೂ ನಿಂತಿತು, ನೆನಪೂ ನಿಂತಿತು. 2020ರ ಬೇಸಗೆಯಲ್ಲಿ ಮಹಾಮಾರಿಯ ಕಾರಣ ಕೆಲಸದವರು ಮನೆಯಿಂದ ಹೊರಡುವಂತಿರಲಿಲ್ಲ. ಆ ವರ್ಷ ನಮಗೆ ನೆಪವೂ ಸಿಕ್ಕಿತು. 2021ರ ಮೇ ತಿಂಗಳ ನಡುವೆ ತೌಕ್ತೇ ಚಂಡಮಾರುತವು ಕರಾವಳಿಯನ್ನು ಸವರಿಕೊಂಡು ಹೋದಾಗ ನಮ್ಮ ಹಿಂಬದಿಯ ಹಂಚುಗಳು ಹತ್ತಿಪ್ಪತ್ತು ಜಾರಿದುವು. ಜುಲೈ ತಿಂಗಳ ಒಂದು ರಾತ್ರಿ, ಮರ ಮುರಿದ ಶಬ್ದಕ್ಕೆ ಎದ್ದು ದೀಪ ಹಿಡಿದು ನೋಡಿದರೆ, ಉಗ್ರಾಣದ ಮೂಲೆಯು ಒಂದು ಗೇಣು ಕುಸಿದಿದೆ, ನೀರು ಧಾರೆಯಾಗಿ ಇಳಿಯುತ್ತಿದೆ.

ಅಲ್ಲಿ ಅಟ್ಟದ ಮೇಲೆ ಒಂದು ಹಲಸಿನ ಮರದ ಪೆಟ್ಟಿಗೆ. ಅದರೊಳಗೆ ನಮ್ಮ ತೀರ್ಥರೂಪರು ಸ್ವಹಸ್ತದಿಂದ ನಕಲು ಮಾಡಿಟ್ಟಿದ್ದ ಹನ್ನೊಂದು ಪುಸ್ತಕಗಳು. ನೀಲಿ ಶಾಯಿಯ ಬರಹವು ನೀರಿನಲ್ಲಿ ಕರಗಿ ಪುಟಗಳೆಲ್ಲ ಒಂದೇ ಬಣ್ಣವಾಗಿದ್ದುವು. ನಾಲ್ಕನ್ನು ಉಳಿಸಿಕೊಂಡೆವು, ಏಳು ಹೋದುವು. ಅವರ ಅಕ್ಷರಗಳು ಮುತ್ತು ಪೋಣಿಸಿದಂತಿದ್ದುವು. ಎರಡು ವರ್ಷ ಮೊದಲು ನಾಲ್ಕು ಹಂಚುಗಳನ್ನು ಸರಿಪಡಿಸಿದ್ದರೆ ಅವೆಲ್ಲವೂ ಇಂದು ನಮ್ಮ ಮೇಜಿನ ಮೇಲೆ ಇರುತ್ತಿದ್ದುವು. ನಮ್ಮ ಮನೆಯವರು ಆ ದಿನ ಒಂದೇ ಮಾತು ಆಡಿದರು: “ನಾನು ಹೇಳಿದಾಗ ನೀವು ಪಾತ್ರೆ ಇಡು ಎಂದಿರಿ.” ಅದಕ್ಕೆ ನಾವು ಏನು ಹೇಳಲಿ!

ಬೆಂಗಳೂರಿನಿಂದ ಮಗ ಬಂದನು. “ಅಪ್ಪ, ಎಷ್ಟು ಸಲ ಅಂತ ರಿಪೇರಿ ಮಾಡಿಸ್ತೀರಿ? ಎಲ್ಲ ಕೆಡವಿ ತಾರಸಿ ಹಾಕಿಸೋಣ” ಎಂದನು. ಅವನು ಕರೆತಂದ ಗುತ್ತಿಗೆದಾರನು ಅಂಗಳದಲ್ಲಿಯೇ ನಿಂತು ಮಾಡಿನತ್ತ ಒಮ್ಮೆ ನೋಡಿ, ಮರವೆಲ್ಲ ಹೋಗಿದೆ, ಇದರಲ್ಲಿ ಏನೂ ಉಳಿದಿಲ್ಲ ಎಂದು ತೀರ್ಪಿತ್ತನು. ಏಣಿಯನ್ನು ಕೇಳಲೂ ಇಲ್ಲ. ನಮಗೂ ಧೈರ್ಯ ಕುಂದಿತ್ತು, ಒಪ್ಪಿಬಿಡುವುದರಲ್ಲಿದ್ದೆವು. ಆಗ ನಮ್ಮ ಮನೆಯವರ ಒತ್ತಾಯದಿಂದ, ಹಿಂದೆ ತೀರ್ಥರೂಪರ ಕಾಲದಲ್ಲಿ ಮರದ ಕೆಲಸ ಮಾಡಿದವರ ಮಗ, ಈಗ ತಾನೂ ಎಪ್ಪತ್ತು ದಾಟಿದ ಆಚಾರಿಯೊಬ್ಬರನ್ನು ಕರೆಸಿದೆವು. ಅವರು ಏಣಿ ಇಟ್ಟು ಹತ್ತಿ, ಸುತ್ತಿಗೆಯ ಹಿಡಿಯಿಂದ ಒಂದೊಂದು ಪಕ್ಕಾಸನ್ನೂ ತಟ್ಟಿ, ಗೋಡೆಯ ಮೇಲೆ ಕೂರುವ ಬುಡದಲ್ಲಿ ಉಳಿಯ ಮೊನೆಯನ್ನು ಒತ್ತಿ ನೋಡುತ್ತ ಅರ್ಧ ದಿನ ಕಳೆದರು. ಗಟ್ಟಿ ಮರವು ಕಣಕಣವೆನ್ನುವುದು. ಒಳಗೆ ಕೊಳೆತದ್ದು ಡೊಬ್ಬೆಂದು ಮಂದವಾಗಿ ಮಾತಾಡುವುದು. ಕೆಳಗಿಳಿದು ಬಂದು, “ಮಾಸ್ಟ್ರೇ, ಮಾಡಿಗೆ ಎಂತದೂ ಆಗ್ಲಿಲ್ಲ. ಈ ಮೂಲೆಗೆ ಮಾತ್ರ ಆದದ್ದು” ಎಂದರು. ನಲವತ್ತೆಂಟು ಪಕ್ಕಾಸುಗಳಲ್ಲಿ ಕೆಟ್ಟವು ಏಳು. ಆ ಏಳರಲ್ಲಿಯೂ ಮೂರರ ಬುಡ ಮಾತ್ರ ಕೊಳೆತಿತ್ತು. ಅಷ್ಟನ್ನು ಕತ್ತರಿಸಿ, ಪಕ್ಕಕ್ಕೆ ಮೂರು ಅಡಿ ಉದ್ದದ ಹೊಸ ತುಂಡನ್ನು ಜೋಡಿಸಿ ಬೋಲ್ಟು ಹಾಕಿ ಉಳಿಸಿದರು.

ರೋಗದ ಮೂಲವೇನೆಂದರೆ, ಒಳಮೂಲೆಯ ತಗಡಿನ ದೋಣಿ. ನಾಲ್ಕು ದಿಕ್ಕಿಗೂ ಇಳಿಜಾರಾಗಿರುವ ಮಾಡಿನಲ್ಲಿ ನೀರು ಎಲ್ಲಿಯೂ ನಿಲ್ಲುವುದಿಲ್ಲ. ಎರಡು ಮಾಡುಗಳು ಕೂಡುವ ಇಂತಹ ಮೂಲೆಯಲ್ಲಿ ಮಾತ್ರ ಎರಡೂ ಕಡೆಯ ನೀರು ಒಟ್ಟಾಗಿ ಹರಿಯಬೇಕು. ಅಲ್ಲಿ ಹಲಸಿನ ಎಲೆ, ತೆಂಗಿನ ಸಿಂಗಾರದ ಒಟ್ಟಿಲು, ಹಾವಸೆ ತುಂಬಿ ದಾರಿ ಕಟ್ಟಿದರೆ ನೀರು ಮಗ್ಗುಲಿಗೆ ಉಕ್ಕಿ ಹಂಚಿನ ಅಡಿಯಿಂದ ಮರಕ್ಕೆ ಇಳಿಯುವುದು. ಮಳೆಗಾಲದ ಮೊದಲು ಒಂದು ಬುಟ್ಟಿ ಕಸವನ್ನು ತೆಗೆದಿದ್ದರೆ ನಮಗೆ ಈ ಲೇಖನವನ್ನು ಬರೆಯುವ ಪ್ರಸಂಗವು ಬರುತ್ತಿರಲಿಲ್ಲ. ಹೊಸ ಮನೆ ಕಟ್ಟಿಸುವವರಿಗೆ ನಮ್ಮ ವಿನಂತಿಯೇನೆಂದರೆ, ಚಂದಕ್ಕಾಗಿ ಮಾಡನ್ನು ಹತ್ತು ತುಂಡು ಮಾಡಿಸಬೇಡಿರಿ. ಒಳಮೂಲೆಗಳು ಎಷ್ಟು ಕಡಮೆಯೋ ಅಷ್ಟು ಕ್ಷೇಮ. ಇಳಿಜಾರು ಎರಡು ಅಡಿ ಅಗಲಕ್ಕೆ ಒಂದು ಅಡಿ ಏರಾದರೂ ಇರಬೇಕು. ಅದಕ್ಕಿಂತ ಚಪ್ಪಟೆಯಾದರೆ ಗಾಳಿಮಳೆಗೆ ಹಂಚಿನ ಸಂದಿನಿಂದ ನೀರು ಹಿಂದಕ್ಕೆ ಏರುವುದು. ಆಮೇಲೆ ಎಂತಹ ಒಳ್ಳೆಯ ಹಂಚನ್ನು ತಂದರೂ ಫಲವಿಲ್ಲ.

ವರ್ಷ ವರ್ಷವೂ ಮಾಡತಕ್ಕ ಕೆಲಸವು ಬಹಳವೇನಿಲ್ಲ. ಶಿವರಾತ್ರಿ ಕಳೆದು ಮೇ ತಿಂಗಳು ನಡುವಾಗುವುದರೊಳಗೆ ಮುಗಿಸಬೇಕು. ಮೊದಲ ಗುಡುಗು ಕೇಳಿದ ಮೇಲೆ ಕರೆಯಹೋದರೆ ಊರಿನ ಎಲ್ಲರೂ ಅದೇ ನಾಲ್ಕು ಜನ ಕೆಲಸದವರನ್ನು ಹುಡುಕುತ್ತಿರುವರು. ಒಡೆದ ಹಂಚನ್ನು ಬದಲಿಸುವುದು, ಜಾರಿದ್ದನ್ನು ಮೇಲಕ್ಕೆ ತಳ್ಳಿ ರೀಪಿಗೆ ಕಚ್ಚಿಸುವುದು, ಎಲೆ ಕಸ ಗುಡಿಸುವುದು, ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸುವುದು, ದಂಬೆಗಳನ್ನು ಚೊಕ್ಕಟ ಮಾಡುವುದು. ಮಂಗಗಳ ಹಾವಳಿಯಿದ್ದಲ್ಲಿ ಇದಿಷ್ಟನ್ನೂ ಎರಡು ಸಲ ಮಾಡಬೇಕು. ಆ ವಿಷಯಕ್ಕೆ ನಾವು ಬೇರೆ ಉಪಾಯವನ್ನು ಅರಿಯೆವು. ಬೆಳಗ್ಗೆ ಮನೆಯೊಳಗೆ ಕತ್ತಲೆ ಮಾಡಿ ಮೇಲಕ್ಕೆ ನೋಡಿದರೆ ಎಲ್ಲೆಲ್ಲಿ ಬೆಳಕಿನ ಸೂಜಿ ತೂರುವುದೋ ಅಲ್ಲಲ್ಲಿ ದೋಷವೆಂದು ತಿಳಿಯತಕ್ಕದ್ದು. ಮುಚ್ಚಿಗೆ ಇರುವ ಮನೆಗಳಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಅಟ್ಟಕ್ಕೆ ಹತ್ತಿಯೇ ನೋಡಬೇಕು. ಹನಿ ಬೀಳುವ ಸ್ಥಳದ ನೇರ ಮೇಲೆಯೇ ಒಡಕು ಇರುವುದೆಂದು ಮಾತ್ರ ಭ್ರಮಿಸಬಾರದು. ನೀರು ರೀಪು ಪಕ್ಕಾಸುಗಳ ಮೇಲೆ ಹರಿದು ಐದಾರು ಅಡಿ ಕೆಳಗೆ ಬಂದು ತೊಟ್ಟಿಕ್ಕುವುದುಂಟು. ಆದುದರಿಂದ ಹನಿಯ ಸ್ಥಳದಿಂದ ನೆತ್ತಿಯತ್ತ ಹುಡುಕುತ್ತ ಹೋಗಬೇಕು.

ಹತ್ತು ಹದಿನೈದು ವರ್ಷಕ್ಕೊಮ್ಮೆ ಇಡೀ ಮಾಡನ್ನು ಬಿಚ್ಚಿ ಕೈಯಾಡಿಸುವುದು ಒಳ್ಳೆಯದು. ಹಂಚುಗಳನ್ನೆಲ್ಲ ಇಳಿಸಿ, ಒರಟು ಬ್ರಶ್ಶಿನಿಂದ ಹಾವಸೆ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಬೆರಳ ಗೆಣ್ಣಿನಿಂದ ಒಂದೊಂದನ್ನೂ ತಟ್ಟಿ ನೋಡಬೇಕು. ಒಳ್ಳೆಯ ಹಂಚು ಕಂಚಿನಂತೆ ದನಿಗೊಡುವುದು. ಕಣ್ಣಿಗೆ ಕಾಣದ ಸೀಳಿದ್ದರೆ ದನಿ ಒಡೆಯುವುದು. ನಮ್ಮ ಮನೆಯ ಅರುವತ್ತು ವರ್ಷದ ಹಂಚುಗಳಲ್ಲಿ ನೂರಕ್ಕೆ ತೊಂಬತ್ತು ಈ ಪರೀಕ್ಷೆಯಲ್ಲಿ ತೇರ್ಗಡೆಯಾದುವು. ನಮ್ಮ ಶಾಲೆಯಲ್ಲಿ ಅಂತಹ ಫಲಿತಾಂಶವನ್ನು ನಾವು ಕಂಡದ್ದು ಅಪರೂಪ. ಮತ್ತೆ ಹೊದೆಸುವಾಗ ಸೂರಿನಿಂದ ಆರಂಭಿಸಿ ನೆತ್ತಿಗೆ ಹೋಗಬೇಕು. ನೆತ್ತಿಯ ಮೂಲೆಹಂಚುಗಳನ್ನು ಕೂರಿಸಲು ಈಗಿನವರು ಬಲವಾದ ಸಿಮೆಂಟಿನ ಗಾರೆಯನ್ನು ಬಳಸುವರು. ಮರವು ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುತ್ತಿರುವುದರಿಂದ ಬಿಗಿಯಾದ ಸಿಮೆಂಟು ಬಿರಿಯುವುದು. ಆ ಕೂದಲೆಳೆಯ ಬಿರುಕೇ ನೀರಿನ ಬಾಗಿಲು. ಸುಣ್ಣ ಹೆಚ್ಚಾಗಿರುವ ಗಾರೆಯು ಸ್ವಲ್ಪ ಮಣಿಯುವುದರಿಂದ ಹೆಚ್ಚು ಕಾಲ ನಿಲ್ಲುವುದು.

ಕಾರ್ಖಾನೆಯ ಹೆಸರಿನ ಮಾತಿಗೆ ಬರೋಣ. ಎಲ್ಲ ಮಂಗಳೂರು ಹಂಚುಗಳೂ ಒಂದೇ ಎಂದು ನಾವು ತಿಳಿದಿದ್ದೆವು. ಒಡೆದವುಗಳ ಬದಲಿಗೆ ಪೇಟೆಯಿಂದ ಎಂಬತ್ತು ಹಳೆಯ ಹಂಚುಗಳನ್ನು ತಂದು ಇಳಿಸಿದಾಗ ಆಚಾರಿಯವರು ಒಂದನ್ನು ಎತ್ತಿ ನೋಡಿ ತಲೆಯಾಡಿಸಿದರು. ಒಂದೊಂದು ಕಾರ್ಖಾನೆಯ ಅಚ್ಚಿನಲ್ಲಿಯೂ ಅಂಚಿನ ಗೀರುಗಳು ಎಳ್ಳಷ್ಟು ಬೇರೆ ಬೇರೆ. ಒಂದರ ನಾಲಗೆ ಇನ್ನೊಂದರ ತೋಡಿನಲ್ಲಿ ಸರಿಯಾಗಿ ಕೂರುವುದಿಲ್ಲ. ಬೆರಕೆ ಹಂಚುಗಳನ್ನು ನಡುನಡುವೆ ಸೇರಿಸಿದರೆ ಹೊಸ ಸೋರಿಕೆಯನ್ನು ಹಣ ಕೊಟ್ಟು ತಂದಂತಾಗುವುದು. ಇದಕ್ಕೆ ಅವರು ಕಂಡುಹಿಡಿದ ಪರಿಹಾರವು ಚೆನ್ನಾಗಿತ್ತು: ದನದ ಹಟ್ಟಿಯ ಮಾಡಿನಿಂದ ಮನೆಯ ಹಂಚಿಗೆ ಹೊಂದುವವನ್ನು ತೆಗೆದು ಮನೆಗೆ ಹಾಕಿ, ಪೇಟೆಯಿಂದ ತಂದದ್ದನ್ನೆಲ್ಲ ಒಟ್ಟಾಗಿ ಹಟ್ಟಿಗೆ ಹೊದೆಸಿದರು. ಹೊಸತಾಗಿ ಹೊದೆಸುವವರು ಬೇಕಾದ ಲೆಕ್ಕಕ್ಕಿಂತ ನೂರು ಹಂಚನ್ನಾದರೂ ಹೆಚ್ಚಿಗೆ ತಂದು ಜಗಲಿಯ ಬದಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿಡುವುದು ಬುದ್ಧಿವಂತಿಕೆ. ಮಾಡಿನ ನೂರು ಚದರ ಅಡಿಗೆ ಸುಮಾರು 140 ಹಂಚುಗಳು ಬೇಕಾಗುವುವು.

ಮರದ ವಿಷಯದಲ್ಲಿ ಒಂದು ಸಂಗತಿಯನ್ನು ಗೃಹಿಣಿಯರು ನಮಗಿಂತ ಮೊದಲೇ ಕಂಡಿರಬಹುದು. ಅಡುಗೆಮನೆಯ ಪಕ್ಕಾಸುಗಳಿಗೆ ಹಿಂದೆ ಕುಟ್ಟೆ ಹಿಡಿಯುತ್ತಿರಲಿಲ್ಲ. ಗ್ಯಾಸಿನ ಒಲೆ ಬಂದ ಮೇಲೆ ಹಿಡಿಯತೊಡಗಿತು. ಕಟ್ಟಿಗೆಯ ಹೊಗೆಯು ಮರಕ್ಕೆ ಕಪ್ಪು ಲೇಪವಾಗಿ ಹುಳುವನ್ನೂ ತೇವವನ್ನೂ ದೂರವಿಡುತ್ತಿತ್ತು. ಹೊಗೆಯಿಂದ ನಮ್ಮ ತಾಯಂದಿರ ಕಣ್ಣು ಎದೆಗಳು ಪಟ್ಟ ಕಷ್ಟವನ್ನು ಬಲ್ಲವರು ಅದು ಮರಳಿ ಬರಲೆಂದು ಹಾರೈಸಲಾರರು. ಅದರ ಬದಲಿಗೆ, ಬೇಸಗೆಯಲ್ಲಿ ಒಣಗಿದ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುವುದು ನಮ್ಮ ಕಡೆಯ ಹಳೆಯ ಕ್ರಮ. ಒರಲೆಗೆ ಅದು ಆಗದು. ಮೈಗೆ ತಗಲಿದರೆ ಚರ್ಮ ಸುಟ್ಟು ಬೊಬ್ಬೆಯೇಳುವುದರಿಂದ ಕೈಚೀಲ ಧರಿಸಿಯೇ ಬಳಿಯತಕ್ಕದ್ದು.

ತಾರಸಿಯ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಅದಕ್ಕೆ ಮಂಗನ ಭಯವಿಲ್ಲ, ಕಳ್ಳನ ಭಯವಿಲ್ಲ, ಮೇಲೆ ಇನ್ನೊಂದು ಅಂತಸ್ತು ಕಟ್ಟಬಹುದು, ಬೇಸಗೆಯಲ್ಲಿ ಅಡಿಕೆ ಹಪ್ಪಳ ಒಣಗಿಸಬಹುದು. ಆದರೆ ಚಪ್ಪಟೆಯಾದ ಮೈಯಲ್ಲಿ ನೀರು ನಿಲ್ಲುವುದು. ಉಪ್ಪುಗಾಳಿಯ ತೇವವು ಕಾಂಕ್ರೀಟಿನ ಬಿರುಕಿನಲ್ಲಿ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುವುದು. ತುಕ್ಕು ಹಿಡಿದ ಕಬ್ಬಿಣವು ಊದಿಕೊಂಡು ಕೆಳಗಿನ ಗಾರೆಯನ್ನು ಚಕ್ಕೆ ಚಕ್ಕೆಯಾಗಿ ಉದುರಿಸುವುದು. ನಮ್ಮ ನೆರೆಯಲ್ಲಿ 1988ರಲ್ಲಿ ಕಟ್ಟಿದ ತಾರಸಿ ಮನೆಯೊಂದರ ಮಲಗುವ ಕೋಣೆಯಲ್ಲಿ ಇದನ್ನು ನಾವು ಕಣ್ಣಾರೆ ಕಂಡೆವು. ಈಗ ಮಂಗಳೂರು ಉಡುಪಿಗಳ ಸುತ್ತ ಎಲ್ಲಿ ನೋಡಿದರೂ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಬಣ್ಣದ ಶೀಟಿನ ಇಳಿಮಾಡನ್ನು ಹಾಕಿಸಿದ್ದಾರೆ. ಮಾಡನ್ನು ಕೆಡವಿ ತಾರಸಿ ಕಟ್ಟಿಸಿ, ಆ ತಾರಸಿಯನ್ನು ಕಾಯಲು ಮತ್ತೆ ಮಾಡು ಕಟ್ಟಿಸುವುದೆಂದರೆ ಇದು ಯಾವ ಲೆಕ್ಕವೋ ನಾವರಿಯೆವು.

ಆದರೂ ಮರವು ನಿಜವಾಗಿಯೇ ಹೋಗಿದ್ದರೆ, ಬದಲಿಸಲು ಒಳ್ಳೆಯ ಮರವು ಎಟಕದಿದ್ದರೆ ಹಠ ಹಿಡಿಯಬಾರದು. ಕಬ್ಬಿಣದ ಪೈಪಿನ ಚೌಕಟ್ಟಿನ ಮೇಲೆ ಹಳೆಯ ಹಂಚನ್ನೇ ಹೊದೆಸಬಹುದು. 1000 ಚದರ ಅಡಿ ಮಾಡಿಗೆ ಒಣ ಹಂಚಿನ ಭಾರವೇ ಮೂರೂವರೆ ಟನ್ನಿನಷ್ಟಾಗುವುದು. ಮಳೆಗೆ ನೆನೆದಾಗ ಇನ್ನೂ ಹೆಚ್ಚು. ಅಷ್ಟನ್ನು ತಡೆಯುವ ಪೈಪನ್ನು ಬಲ್ಲವರಿಂದ ಗೊತ್ತುಮಾಡಿಸಬೇಕು. ಬೆಸುಗೆಯ ಜಾಗಗಳಿಗೆ ತಪ್ಪದೆ ಬಣ್ಣ ಬಳಿಸಿ, ಪೈಪಿನ ತುದಿಗಳನ್ನು ಮುಚ್ಚಿಸಬೇಕು. ತೆರೆದ ತುದಿಯಿಂದ ನೀರು ಒಳಗೆ ಹೋದರೆ ತುಕ್ಕು ಹೊರಗೆ ಕಾಣಿಸದೆಯೇ ಬೆಳೆಯುವುದು. ಹಟ್ಟಿ ಕೊಟ್ಟಿಗೆಗಳಿಗೆ ಹಿಂದೆ ಹಾಕಿಸಿದ ಸಿಮೆಂಟಿನ ಕಲ್ನಾರು ಶೀಟುಗಳಿದ್ದವರು ಅವನ್ನು ಒಣಗಿದಾಗ ಉಜ್ಜುವುದಾಗಲಿ, ಕೊರೆಯುವುದಾಗಲಿ, ಒಡೆಯುವುದಾಗಲಿ ಮಾಡಬಾರದು. ಆ ಧೂಳು ಶ್ವಾಸಕೋಶವನ್ನು ಸೇರಿದರೆ ಬಹು ವರ್ಷಗಳ ಅನಂತರ ಕ್ಯಾನ್ಸರನ್ನೂ ತರಬಲ್ಲದು.

ಇನ್ನೊಂದು ಎಚ್ಚರಿಕೆ. ಮಳೆಯಲ್ಲಿ ಸೋರುತ್ತಿರುವಾಗ, ಹಾವಸೆ ಹಿಡಿದ ಒದ್ದೆ ಹಂಚಿನ ಮೇಲೆ ಯಾರೂ ಹತ್ತಬಾರದು, ಕೂಲಿಯವರನ್ನೂ ಹತ್ತಿಸಬಾರದು. ಅಂಥ ಹೊತ್ತಿನಲ್ಲಿ ಒಳಗಿನಿಂದ ಹಂಚನ್ನು ಎತ್ತಿ ಸರಿಸಬಹುದು. ಇಲ್ಲವೆ ಪ್ಲಾಸ್ಟಿಕ್ ಹಾಳೆಯನ್ನು ಹಂಚಿನಡಿಯಲ್ಲಿ ತೂರಿಸಿ ದಿನ ದೂಡಬಹುದು. ಒಣ ದಿನಗಳಲ್ಲಿಯೂ ಹಂಚಿನ ನಡುವೆ ಕಾಲಿಡದೆ, ಅಡ್ಡಲಾಗಿ ಹಲಗೆಯಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಯೇ ನಡೆಯಬೇಕು. ನಮ್ಮ ಸಹಪಾಠಿಯೊಬ್ಬನು ಹಗ್ಗವಿಲ್ಲದೆ ಹತ್ತಿ ಬಿದ್ದವನು ಇಂದಿಗೂ ಕೋಲೂರಿ ನಡೆಯುತ್ತಿದ್ದಾನೆ.

ನಮ್ಮ ಮಾಡಿನ ಕೆಲಸವು 2022ರ ಮಾರ್ಚ್ ತಿಂಗಳಲ್ಲಿ ಮುಗಿಯಿತು. ಮಗನು ಅದರ ಖರ್ಚಿನ ಅರ್ಧವನ್ನು ತಾನೇ ಕೊಟ್ಟನು. ತಾರಸಿಯ ಮಾತನ್ನು ಪೂರ್ತಿಯಾಗಿ ಬಿಟ್ಟಿಲ್ಲವಾದರೂ, ರಜೆಗೆ ಬಂದಾಗ ತಾನೇ ಏಣಿ ಹತ್ತಿ ಒಳಮೂಲೆಯ ಕಸವನ್ನು ತೆಗೆಯುತ್ತಾನೆ. ಉಳಿದ ನಾಲ್ಕು ಪುಸ್ತಕಗಳು ಈಗ ಕಬ್ಬಿಣದ ಕಪಾಟಿನಲ್ಲಿ, ಮನೆಯ ನಡುಕೋಣೆಯಲ್ಲಿವೆ. ಆ ವರ್ಷದ ಮೊದಲ ದೊಡ್ಡ ಮಳೆಗೆ ನಮ್ಮ ಮನೆಯವರು ಯಾರಿಗೂ ಹೇಳದೆ ಉಗ್ರಾಣದ ಮೂಲೆಯಲ್ಲಿ ಅದೇ ಹಳೆಯ ಪಾತ್ರೆಯನ್ನು ಇಟ್ಟಿದ್ದರು. ಬೆಳಗ್ಗೆ ಇಬ್ಬರೂ ಹೋಗಿ ನೋಡಿದೆವು; ಪಾತ್ರೆ ಒಣಗಿತ್ತು. ಚಾವಡಿಯಲ್ಲಿ, ಗಾಜಿನ ಹಂಚಿನ ಪಕ್ಕದಲ್ಲಿ ಮಾತ್ರ ಒಂದು ಹನಿ ನೆಲಕ್ಕೆ ಬಿದ್ದಿತ್ತು. ಶಾಲೆಯಿಂದ ಉಳಿದುಬಂದಿದ್ದ ಸೀಮೆಸುಣ್ಣದ ತುಂಡಿನಿಂದ ಆ ಜಾಗಕ್ಕೆ ಗುರುತು ಹಾಕಿ, ಗೋಡೆಯ ಪಂಚಾಂಗದಲ್ಲಿ ತಾರೀಕನ್ನೂ ಬರೆದಿಟ್ಟೆವು.